ಕಲಬುರಗಿ ರಸ್ತೆಯಲ್ಲಿ ಸೈಕಲ್ಲೂ ಗಾಡಿಯೂ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹನ್ನೊಂದು ವರ್ಷದಿಂದ ಸೇಡಂ ರಸ್ತೆಯಲ್ಲಿ ಸೈಕಲ್ ಮೇಲೆ ಕೆಲಸಕ್ಕೆ ಹೋಗಿ ಬರುತ್ತೇನೆ. ಮನೆಯಲ್ಲಿ ಕಾರೂ ಇದೆ. ಮಳೆ ಜೋರಾಗಿ ಹಿಡಿದ ದಿನ, ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗುವ ದಿನ ಕಾರು ತೆಗೆಯುತ್ತೇನೆ. ಹೀಗಾಗಿ ಎರಡೂ ಕಡೆಯ ಸಿಟ್ಟು ನನಗೆ ಗೊತ್ತು. ಈ ಪ್ರಶ್ನೆಗಳಲ್ಲಿ ಅರ್ಧ ಪಂಕ್ಚರ್ ಅಂಗಡಿಯ ಮುಂದೆ ಕೇಳಿದ್ದು. ಇನ್ನರ್ಧ ಆಟೋ, ಲಾರಿ ಚಾಲಕರ ಜೊತೆ ಚಹಾ ಕುಡಿಯುವಾಗ ಕೇಳಿದ್ದು. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡೇ ಸಾಲು.

ಈಗ ಎಲ್ಲರ ಹತ್ತಿರವೂ ಬೈಕ್ ಇದೆ. ಸೈಕಲ್ ಹೊಡೆಯುವವರು ಇನ್ನೂ ಉಳಿದಿದ್ದಾರಾ?

ಬೆಳಿಗ್ಗೆ ಆರಕ್ಕೆ ನೆಹರು ಗಂಜ್ ಕಡೆ ಒಮ್ಮೆ ಬಂದು ನಿಲ್ಲಿ. ದಾಲ್ ಮಿಲ್‌ಗೆ ಹೋಗುವ ಹಮಾಲರು, ಕ್ಯಾರಿಯರ್‌ಗೆ ಬುತ್ತಿ ಗಂಟು ಕಟ್ಟಿಕೊಂಡ ಗೌಂಡಿಗಳು, ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ವಾಚ್‌ಮನ್‌ಗಳು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಒಂಬತ್ತರ ಹೊತ್ತಿಗೆ ಯೂನಿಫಾರ್ಮ್ ಹಾಕಿದ ಮಕ್ಕಳು. ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿಯ ಹುಡುಗಿಯರು ಪಕ್ಕದೂರಿನ ಹೈಸ್ಕೂಲಿಗೆ ತಾವೇ ಹೋಗಿ ಬರುವಂತಾಯಿತು. ಕೋವಿಡ್ ಬಂದ ಮೇಲೆ ಹಂಚಿಕೆ ನಿಂತಿತು. ಆದರೆ ಆ ಸೈಕಲ್‌ಗಳು ಇನ್ನೂ ಓಡುತ್ತಿವೆ. ಅಣ್ಣನದು ತಂಗಿಗೆ ಬಂದಿದೆ, ಮಗಳದು ಅಪ್ಪನಿಗೆ ಹೋಗಿದೆ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಸೈಕಲ್ ಅಂದ ಕೂಡಲೇ ಎಷ್ಟೋ ಚಾಲಕರಿಗೆ ನೆನಪಾಗುವುದು ಭಾನುವಾರ ಬೆಳಿಗ್ಗೆ ಬಣ್ಣದ ಹೆಲ್ಮೆಟ್ ಹಾಕಿಕೊಂಡು ಹೋಗುವ ಗುಂಪು. ಅವರಿಗೂ ರಸ್ತೆ ಬೇಕು, ನಿಜ. ಆದರೆ ರಿಂಗ್ ರೋಡಿನ ಅಂಚಿನಲ್ಲಿ ರಾತ್ರಿ ಒಂಬತ್ತಕ್ಕೆ ದೀಪ ಇಲ್ಲದೆ ಬರುವಾತ ಹೆಚ್ಚಾಗಿ ದಿನಗೂಲಿಯವನು. ಅವನಿಗೆ ಸೈಕಲ್ ಬಿಟ್ಟರೆ ಉಳಿಯುವುದು ಕಾಲ್ನಡಿಗೆ.

ಸೈಕಲ್‌ನವರು ರೋಡ್ ಟ್ಯಾಕ್ಸ್ ಕಟ್ಟಲ್ಲ. ಅವರಿಗೆ ರಸ್ತೆ ಮೇಲೆ ಹಕ್ಕು ಎಲ್ಲಿಂದ ಬಂತು?

ನಾವು ರೋಡ್ ಟ್ಯಾಕ್ಸ್ ಅನ್ನುವುದು ವಾಹನ ತೆರಿಗೆ. ಕರ್ನಾಟಕದಲ್ಲಿ 1957ರ ಕಾಯ್ದೆಯ ಪ್ರಕಾರ ಮೋಟಾರು ವಾಹನದ ಮೇಲೆ ಹಾಕುತ್ತಾರೆ. ಸೈಕಲ್‌ಗೆ ಮೋಟಾರು ಇಲ್ಲ, ಹಾಗಾಗಿ ಆ ತೆರಿಗೆಯೂ ಇಲ್ಲ. ಆದರೆ ರಸ್ತೆ ಹಾಕುವುದು ಆ ಒಂದು ದುಡ್ಡಿನಿಂದ ಮಾತ್ರ ಅಲ್ಲ. ಹಮಾಲ ಕೊಳ್ಳುವ ಸೋಪಿನ ಮೇಲೂ ಜಿಎಸ್‌ಟಿ ಇದೆ. ಅವನ ಸೈಕಲ್ ಮೇಲೂ ಇದೆ. 2025ರ ಸೆಪ್ಟೆಂಬರ್‌ವರೆಗೆ ಅದು ಶೇ 12 ಇತ್ತು, ಈಗ ಶೇ 5. ನಗರದೊಳಗಿನ ರಸ್ತೆಗೆ ಮನೆ ಕರದ ದುಡ್ಡೂ ಸೇರುತ್ತದೆ. ಆ ಕರ ಅವನ ಬಾಡಿಗೆಯೊಳಗೇ ಇದೆ.

ಹಿರಿಯರಿಗೆ ನೆನಪಿರಬಹುದು. ಒಂದು ಕಾಲಕ್ಕೆ ಪುರಸಭೆಗಳು ಸೈಕಲ್‌ಗೂ ಕರ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದವು. ಕರ ಕಟ್ಟಿದ ಆ ದಿನಗಳಲ್ಲೂ ಲಾರಿಯವರು ಜಾಗ ಬಿಡುತ್ತಿದ್ದದ್ದು ಬಿಲ್ಲೆ ನೋಡಿ ಅಲ್ಲ.

ರಸ್ತೆ ಅಂಚಿಗೆ ಹೋದರೆ ಯಾರಿಗೂ ತೊಂದರೆ ಇಲ್ಲ ಅಲ್ವಾ? ನಡುವೆ ಯಾಕೆ ಬರುತ್ತಾರೆ?

ಚಾಲಕರು ಅತಿ ಹೆಚ್ಚು ಕೇಳುವುದು ಇದನ್ನೇ. ಅಂಚು ಹೇಗಿದೆ ಎಂದು ಗಾಡಿಯೊಳಗಿಂದ ಕಾಣುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮದು ಎರೆ ಭೂಮಿ. ಮಳೆಗೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರಿನ ಅಂಚು ವರ್ಷ ವರ್ಷವೂ ಒಡೆದು ಹಲ್ಲು ಹಲ್ಲಾಗುತ್ತದೆ. ರಸ್ತೆಗೆ ಹೊಸ ಡಾಂಬರು ಹಾಕಿದಾಗಲೆಲ್ಲ ಅದು ಒಂದು ಪದರ ಮೇಲೇಳುತ್ತದೆ, ಪಕ್ಕದ ಮಣ್ಣು ಅಲ್ಲೇ ಇರುತ್ತದೆ. ನಾಲ್ಕೈದು ಬೆರಳು ಎತ್ತರದ ಮೆಟ್ಟಿಲು ಹಾಗೆ ಹುಟ್ಟುತ್ತದೆ. ಕಾರಿನ ದಪ್ಪ ಗಾಲಿ ಅದನ್ನು ಇಳಿದು ಹತ್ತುತ್ತದೆ. ಸೈಕಲ್‌ನ ಗಾಲಿ ಇಳಿಯುತ್ತದೆ, ಹತ್ತುವಾಗ ಅಂಚಿಗೆ ಉಜ್ಜಿಕೊಂಡು ಜಾರುತ್ತದೆ. ಹಾಗೆ ಜಾರಿದವನು ಬೀಳುವುದು ಮಣ್ಣಿನ ಕಡೆಗಲ್ಲ, ರಸ್ತೆಯ ಕಡೆಗೆ.

ಊರೊಳಗೆ ಬೇರೆ ತಾಪತ್ರಯ. ಚರಂಡಿ ಮೇಲೆ ಹಾಸಿದ ಶಹಾಬಾದ್ ಪರಸಿ ಒಡೆದು ಸಂದಿ ಬಿಟ್ಟಿರುತ್ತದೆ. ಮಳೆ ಬಿದ್ದರೆ ಆ ಕಲ್ಲು ಸಾಬೂನು ಹಚ್ಚಿದ ಹಾಗೆ ನುಣುಪು. ಕಟ್ಟಡದ ಮರಳು, ಬಾಳೆಹಣ್ಣಿನ ಬಂಡಿ, ನಿಂತ ಆಟೋ. ನಿಂತ ಕಾರಿನ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ. ಇದನ್ನೆಲ್ಲ ತಪ್ಪಿಸಲು ಸವಾರ ಒಂದು ಮೀಟರ್ ಒಳಗೆ ಬರುತ್ತಾನೆ. ಅವನು ನಿಮ್ಮ ದಾರಿಗೆ ಅಡ್ಡ ಬಂದ ಹಾಗೆ ಕಾಣುತ್ತದೆ. ಅವನು ನೇರ ಹೋಗುತ್ತಿರುತ್ತಾನೆ, ಅಂಚು ಅವನ ಕಡೆ ಬಂದಿರುತ್ತದೆ.

ಒಂದು ಮುಂಜಾನೆ ನನ್ನ ಮುಂದೆ ಒಬ್ಬ ಹಿರಿಯರು ಸೈಕಲ್ ಮೇಲೆ ಹೊರಟಿದ್ದರು. ಹಿಂದಿನಿಂದ ಒಂದು ಬಸ್ಸು ಹಾರ್ನ್ ಒತ್ತಿ ಹಿಡಿದು ಬಂತು. ಅವರು ಗಾಬರಿಯಾಗಿ ಎಡಕ್ಕೆ ಎಳೆದುಕೊಂಡರು. ಗಾಲಿ ಮೆಟ್ಟಿಲು ಇಳಿಯಿತು, ಹ್ಯಾಂಡಲ್ ತಿರುಗಿತು, ಬಿದ್ದರು. ಬಸ್ಸು ಅಷ್ಟರಲ್ಲಿ ದಾಟಿ ಹೋಗಿತ್ತು. ಬುತ್ತಿ ಬಿಚ್ಚಿ ನಾಲ್ಕು ಜೋಳದ ರೊಟ್ಟಿ ಡಾಂಬರಿನ ಮೇಲೆ ಹರಡಿದ್ದವು. ಮೊಣಕೈಯಿಂದ ರಕ್ತ ಇಳಿಯುತ್ತಿದ್ದರೂ ಅವರು ಮೊದಲು ರೊಟ್ಟಿ ಎತ್ತಿಕೊಂಡರು. ಒಂದೊಂದನ್ನೇ ಪಂಚೆಗೆ ಝಾಡಿಸಿ, ಮತ್ತೆ ಅದೇ ಅರಿವೆಯಲ್ಲಿ ಕಟ್ಟಿದರು. "ಬ್ಯಾರೆ ಬುತ್ತಿ ಇಲ್ಲೋ ಯಪ್ಪಾ" ಅಂದರು. ಬಸ್ಸಿನವರಿಗೆ ತಾವು ಒಬ್ಬರನ್ನು ಬೀಳಿಸಿದ್ದೇ ಗೊತ್ತಿಲ್ಲ. ಬಸ್ಸು ಅವರಿಗೆ ತಾಗಿಯೇ ಇರಲಿಲ್ಲ.

ಹಾಗಾದರೆ ಸೈಡ್ ಹಾಕಿ ಮುಂದೆ ಹೋಗುವಾಗ ಎಷ್ಟು ಜಾಗ ಬಿಡಬೇಕು?

ನಮ್ಮ ದೇಶದ ಕಾಯ್ದೆಯಲ್ಲಿ ಇಷ್ಟೇ ಅಂತ ಅಳತೆ ಬರೆದಿಲ್ಲ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಎಂದು ನಿಯಮವೇ ಇದೆ. ಫ್ರಾನ್ಸ್‌ನಲ್ಲಿ ಒಳಗೆ ಒಂದು, ಹೊರಗೆ ಒಂದೂವರೆ. ನಮ್ಮಲ್ಲಿ 2017ರ ಮೋಟಾರು ವಾಹನ ಚಾಲನಾ ನಿಯಮಗಳು ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವಯಸ್ಸಾದವರು, ಅಂಗವಿಕಲರ ವಿಷಯದಲ್ಲಿ ಚಾಲಕ ವಿಶೇಷ ಎಚ್ಚರ ವಹಿಸಬೇಕು ಎನ್ನುತ್ತವೆ. ನಿಯಮ ಮುರಿದು ಅಪಾಯವಾಗುವ ಹಾಗೆ ಓವರ್‌ಟೇಕ್ ಮಾಡುವುದು ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ.

ಗಾಡಿ ಹೊಡೆಯುತ್ತ ಯಾರೂ ಟೇಪು ಹಿಡಿಯಲು ಆಗುವುದಿಲ್ಲ. ನಾನು ಕಾರಿನಲ್ಲಿ ಇರುವಾಗ ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಈ ಮನುಷ್ಯ ಈಗ ನನ್ನ ಕಡೆಗೆ ಪೂರ್ತಿ ಉದ್ದಕ್ಕೆ ಬಿದ್ದರೂ ನನ್ನ ಗಾಲಿಗೆ ಸಿಗಬಾರದು. ಒಬ್ಬ ಆಳಿನ ಉದ್ದ ಐದೂವರೆ ಅಡಿ ಅಂದುಕೊಳ್ಳಿ. ಅಷ್ಟು ಜಾಗ ಇದ್ದರೆ ಸೈಡ್ ಹಾಕುತ್ತೇನೆ. ಇಲ್ಲದಿದ್ದರೆ ಹಿಂದೆ ಬರುತ್ತೇನೆ.

ಲಾರಿ, ಬಸ್ಸಿನವರು ಇನ್ನೂ ಜಾಸ್ತಿ ಬಿಡಬೇಕು. ದೊಡ್ಡ ಗಾಡಿ ವೇಗವಾಗಿ ದಾಟುವಾಗ ಅದರ ಗಾಳಿ ಮೊದಲು ಸವಾರನನ್ನು ಹೊರಗೆ ನೂಕುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಒಮ್ಮೆ ಸೈಕಲ್ ಹೊಡೆದವರಿಗೆ ಆ ಎಳೆತ ಗೊತ್ತಿರುತ್ತದೆ.

ಹಿಂದೆ ಕಾಯುತ್ತ ಹೋದರೆ ನಮಗೆ ತಡ ಆಗಲ್ವಾ?

ಲೆಕ್ಕ ಹಾಕೋಣ. ಸೈಕಲ್ ಗಂಟೆಗೆ 15 ಕಿ.ಮೀ. ಹೋಗುತ್ತಿದೆ. ನೀವು 40ರಲ್ಲಿ ಹೋಗಬಹುದಿತ್ತು. ಮುಂದಿನ ನೂರು ಮೀಟರ್ ಇಕ್ಕಟ್ಟು, ಸೈಡ್ ಹಾಕಲು ಆಗುವುದಿಲ್ಲ. ಆ ನೂರು ಮೀಟರಿಗೆ ಸೈಕಲ್ ಹಿಂದೆ 24 ಸೆಕೆಂಡ್ ಬೇಕು, ನಿಮ್ಮ ವೇಗಕ್ಕೆ 9 ಸೆಕೆಂಡ್. ನೀವು ಕಳೆದುಕೊಂಡದ್ದು 15 ಸೆಕೆಂಡ್. ಜಗತ್ ಸರ್ಕಲ್‌ನಲ್ಲಿ ಕೆಂಪು ದೀಪ ಬಿದ್ದರೆ ಇದಕ್ಕಿಂತ ಜಾಸ್ತಿ ನಿಲ್ಲುತ್ತೀರಿ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಅವಸರದಲ್ಲಿ ನನ್ನನ್ನು ದಾಟಿದ ಕಾರು ಪಟೇಲ್ ಸರ್ಕಲ್‌ನಲ್ಲಿ ನನ್ನ ಪಕ್ಕದಲ್ಲೇ ನಿಂತಿರುತ್ತದೆ.

ನನಗೆ ಈ ಇಡೀ ಪುಟದಲ್ಲಿ ಒಂದೇ ಮಾತು ಹೇಳಲು ಜಾಗ ಕೊಟ್ಟರೆ ಈ 15 ಸೆಕೆಂಡಿನ ಮಾತನ್ನೇ ಹೇಳುತ್ತಿದ್ದೆ.

ಹಾರ್ನ್ ಹೊಡೆದು ಎಚ್ಚರಿಸುವುದು ತಪ್ಪಾ?

ದೂರದಿಂದ ಒಂದು ಸಣ್ಣ ಹಾರ್ನ್ ಒಳ್ಳೆಯದೇ. ಬೆನ್ನಿಗೆ ಬಂದು ಒತ್ತಿದರೆ ಸವಾರ ತಿರುಗಿ ನೋಡುತ್ತಾನೆ. ತಿರುಗಿ ನೋಡುವಾಗ ಹ್ಯಾಂಡಲ್ ಬಲಕ್ಕೆ ಎಳೆಯುತ್ತದೆ, ಅಂದರೆ ನಿಮ್ಮ ಕಡೆಗೇ. ಬಗೆ ಬಗೆಯ ಧ್ವನಿ ಬರುವ, ಕಿವಿ ಹರಿಯುವ ಹಾರ್ನ್‌ಗಳಿಗೆ ನಿಯಮದಲ್ಲಿ ಅವಕಾಶವೇ ಇಲ್ಲ.

ನಾನು ಲಾರಿ ಚಾಲಕ. ಸೈಕಲ್ ನನಗೆ ಕಾಣುವುದೇ ಇಲ್ಲ. ನಾನೇನು ಮಾಡಲಿ?

ಈ ಮಾತು ನಿಜ. ನಾನು ಮೊದಲು ಇದನ್ನು ನೆಪ ಅಂದುಕೊಂಡಿದ್ದೆ. ಶಹಾಬಾದ್ ರಸ್ತೆಯ ಒಂದು ಧಾಬಾದಲ್ಲಿ ಒಬ್ಬ ಸಿಮೆಂಟ್ ಲಾರಿ ಚಾಲಕರು ನನ್ನ ಕೈ ಹಿಡಿದು ಕ್ಯಾಬಿನ್ ಹತ್ತಿಸಿ ತಮ್ಮ ಸೀಟಿನಲ್ಲಿ ಕೂರಿಸಿದರು. ಕ್ಲೀನರ್ ಹುಡುಗನಿಗೆ ನನ್ನ ಸೈಕಲ್ ತೆಗೆದುಕೊಂಡು ಎಡಗಡೆ ಮುಂದಿನ ಗಾಲಿಯ ಹತ್ತಿರ ನಿಲ್ಲಲು ಹೇಳಿದರು. "ಈಗ ನೋಡ್ರಿ ಸರ್, ಎಲ್ಲಿದಾನ ಹೇಳ್ರಿ" ಅಂದರು. ನಾನು ಕನ್ನಡಿ ನೋಡಿದೆ. ಮುಂದಿನ ಗಾಜಿನಲ್ಲಿ ನೋಡಿದೆ. ಎಡಗಡೆ ಕಿಟಕಿಯಲ್ಲಿ ಆಕಾಶ, ಎದುರಿನ ಬೇವಿನ ಗಿಡದ ತುದಿ ಕಂಡವು. ಹುಡುಗ ಇರಲಿಲ್ಲ. ಅವನು ಕೈ ಮೇಲೆತ್ತಿ ಅಲ್ಲಾಡಿಸಿದಾಗ ನಾಲ್ಕು ಬೆರಳು ಕಂಡವು, ಅಷ್ಟೇ.

ಚಾಲಕ ಬಲಗಡೆ ಎತ್ತರದಲ್ಲಿ ಕೂತಿರುತ್ತಾನೆ. ಎಡಗಡೆಯ ಬುಡ ಅವನಿಗೆ ಕುರುಡು. ಸವಾರ ಹೋಗುವುದು ಅದೇ ಎಡಗಡೆ. ಸಿಗ್ನಲ್‌ನಲ್ಲಿ ಲಾರಿ ನಿಂತಿದೆ, ಸೈಕಲ್‌ನವನು ಎಡಸಂದಿಯಲ್ಲಿ ತೂರಿ ಮುಂದೆ ಬಂದಿದ್ದಾನೆ, ದೀಪ ಹಸಿರಾಗಿದೆ, ಲಾರಿ ಎಡಕ್ಕೆ ತಿರುಗಿದೆ. ಮುಂದಿನ ಗಾಲಿ ಅವನನ್ನು ತಪ್ಪಿಸಿಕೊಂಡರೂ ಹಿಂದಿನ ಗಾಲಿ ಇನ್ನೂ ಒಳಗಿನಿಂದ ಸುತ್ತಿಕೊಂಡು ಬರುತ್ತದೆ.

ಆ ದಿನದಿಂದ ನಾನು ಲಾರಿಯ ಎಡಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ಹಿಂದೆ ನಿಲ್ಲುತ್ತೇನೆ. ಸವಾರರಿಗೆ ನನ್ನ ಕಳಕಳಿಯ ಮಾತು ಇದು: ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಚಾಲಕರೇ, ಎಡಕ್ಕೆ ತಿರುಗುವ ಮೊದಲು ಇಂಡಿಕೇಟರ್ ಹಾಕಿ ಎರಡು ಕ್ಷಣ ತಡೆಯಿರಿ. ಎಡಗಡೆ ಕೆಳಗೆ ನೋಡುವ ಹಾಗೆ ಒಂದು ದುಂಡು ಕನ್ನಡಿ ಹಾಕಿಸಿ. ಕ್ಲೀನರ್ ಇದ್ದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಲು ಹೇಳಿ.

ರಿಂಗ್ ರೋಡಿನಲ್ಲಿ ಸೈಕಲ್‌ನವರು ರಾಂಗ್ ಸೈಡ್ ಬರುತ್ತಾರೆ. ಅದು ಸರಿಯಾ?

ಸರಿಯಲ್ಲ. ಯಾಕೆ ಬರುತ್ತಾರೆ ಅಂತ ಗೊತ್ತು. ಡಿವೈಡರ್ ಎಲ್ಲೋ ದೂರದಲ್ಲಿ ತೆರೆದಿರುತ್ತದೆ, ಮನೆ ಇನ್ನೂರು ಮೀಟರ್ ಹಿಂದೆ ಇರುತ್ತದೆ. ಪೆಡಲ್ ತುಳಿಯುವವನಿಗೆ ಒಂದೂವರೆ ಕಿ.ಮೀ. ಸುತ್ತುವುದು ಅಂದರೆ ಬೆವರು. "ಎದುರಿಗೆ ಬರೋ ಗಾಡಿ ಕಣ್ಣಿಗೆ ಕಾಣ್ತದ, ಹಿಂದಿಂದು ಕಾಣಂಗಿಲ್ಲ" ಎಂದೂ ಹೇಳುತ್ತಾರೆ.

ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಗಾಡಿ 50ರಲ್ಲಿ, ಸೈಕಲ್ 15ರಲ್ಲಿ ಇದೆ ಅನ್ನಿ. ಒಂದೇ ದಿಕ್ಕಿಗೆ ಹೋಗುವಾಗ ನೂರು ಮೀಟರ್ ಅಂತರ ಮುಗಿಯಲು ಹತ್ತು ಸೆಕೆಂಡ್ ಬೇಕು. ಎದುರುಬದುರಾದಾಗ ಐದೂವರೆ ಸೆಕೆಂಡ್. ಚಾಲಕನಿಗೆ ಸಿಗುವ ಸಮಯ ಅರ್ಧಕ್ಕೆ ಇಳಿಯಿತು. ಪಕ್ಕದ ಓಣಿಯಿಂದ ರಸ್ತೆಗೆ ಬರುವ ಬೈಕಿನವನಂತೂ ಆ ಕಡೆ ನೋಡುವುದೇ ಇಲ್ಲ.

ಅಷ್ಟು ಅವಶ್ಯವಾದರೆ ಇಳಿದು, ಅಂಚಿನಲ್ಲಿ ಸೈಕಲ್ ನೂಕಿಕೊಂಡು ನಡೆಯಿರಿ. ಇನ್ನೂರು ಮೀಟರ್ ನಡೆಯಲು ಮೂರು ನಿಮಿಷ ಸಾಕು.

ರಾತ್ರಿ ದೀಪ ಇಲ್ಲದೆ ಬಂದರೆ ತಪ್ಪು ಯಾರದು?

ಈ ವಿಷಯದಲ್ಲಿ ನಾನು ಚಾಲಕರ ಕಡೆ ನಿಲ್ಲುತ್ತೇನೆ. 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರ್‌ಗೂ ಜಾಸ್ತಿ ಹೋಗುತ್ತದೆ. ಕಂಡು, ಬ್ರೇಕ್ ಒತ್ತಿ, ನಿಲ್ಲುವಷ್ಟರಲ್ಲಿ 40 ಮೀಟರ್ ದಾಟಿರುತ್ತದೆ. ಡಿಮ್ ಬೆಳಕಿನಲ್ಲಿ ಕಪ್ಪು ಅಂಗಿಯ ಮನುಷ್ಯ ಅಷ್ಟು ದೂರಕ್ಕೆ ಕಾಣುವುದು ಕಷ್ಟ. ಎದುರಿನ ಗಾಡಿ ಅಪ್ಪರ್ ಹಾಕಿಕೊಂಡು ಬಂದರೆ ಏನೂ ಕಾಣುವುದಿಲ್ಲ. ಹಾಗೆ ಅಪ್ಪರ್‌ನಲ್ಲೇ ಬರುವವರದೂ ತಪ್ಪೇ. ಡಿಪ್ಪರ್ ಕೊಡಲು ಬೆರಳು ಆಡಿಸಿದರೆ ಸಾಕು.

ಮೊದಲು ಸೈಕಲ್‌ಗೆ ಡೈನಮೋ ಇರುತ್ತಿತ್ತು, ದೀಪ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರು. ಈಗ ಚಾರ್ಜ್ ಮಾಡುವ ಹಿಂದಿನ ಕೆಂಪು ದೀಪ ಒಂದು ದಿನದ ಕೂಲಿಗಿಂತ ಕಡಿಮೆಗೆ ಸಿಗುತ್ತದೆ. ಅದೂ ಕಷ್ಟವಾದರೆ ಹಿಂದಿನ ಮಡ್‌ಗಾರ್ಡ್, ಪೆಡಲ್, ಗಾಲಿಯ ಕಡ್ಡಿಗಳಿಗೆ ರೇಡಿಯಂ ಪಟ್ಟಿ ಅಂಟಿಸಿ. ನಂಬರ್ ಪ್ಲೇಟ್ ಬರೆಯುವ ಅಂಗಡಿಯಲ್ಲಿ ಉಳಿದ ತುಂಡುಗಳಿರುತ್ತವೆ. ಕೇಳಿದರೆ ಚಿಲ್ಲರೆಗೆ ಕೊಡುತ್ತಾರೆ, ಕೆಲವರು ಸುಮ್ನೆ ಕೊಡುತ್ತಾರೆ. ಪೆಡಲ್‌ಗೆ ಅಂಟಿಸಿದ್ದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಮೇಲೆ ಕೆಳಗೆ ಆಡುವ ಬೆಳಕು ನೋಡಿದ ಕೂಡಲೇ ಸೈಕಲ್ ಎಂದು ಗೊತ್ತಾಗುತ್ತದೆ.

ಹಗಲು ಹೊತ್ತಿನಲ್ಲೂ "ಕಾಣಲಿಲ್ಲ" ಅನ್ನುತ್ತಾರಲ್ಲ?

ಸೂರ್ಯನ ಕಡೆ ನೋಡಿ. ಸೇಡಂ ರಸ್ತೆ ಊರಿನಿಂದ ಪೂರ್ವಕ್ಕೆ ಹೋಗುತ್ತದೆ. ಬೆಳಿಗ್ಗೆ ವಿಶ್ವವಿದ್ಯಾಲಯದ ಕಡೆ ಹೊರಟವರಿಗೆ ಬಿಸಿಲು ಎದುರಿಗೆ. ಸಂಜೆ ಊರಿಗೆ ತಿರುಗಿದಾಗಲೂ ಎದುರಿಗೆ. ಆಳಂದ ರಸ್ತೆಯವರಿಗೆ ಇದು ಉಲ್ಟಾ, ಬೆಳಿಗ್ಗೆ ಊರಿಗೆ ಬರುವಾಗ, ಸಂಜೆ ಹೋಗುವಾಗ. ಗಾಜಿನ ಮೇಲೆ ಸಿಮೆಂಟಿನ ಧೂಳು ಕೂತಿದ್ದರೆ ಬೆಳಕು ಚದುರಿ ಮುಂದಿನದೆಲ್ಲ ಬೆಳ್ಳಗಾಗುತ್ತದೆ. ಆ ಅರ್ಧ ಗಂಟೆ ನಿಧಾನ ಹೋಗುವುದು ಬಿಟ್ಟರೆ ಬೇರೆ ಉಪಾಯ ಇಲ್ಲ. ಗಾಜು ದಿನಾ ಒರೆಸಿ.

ಏಪ್ರಿಲ್, ಮೇ ತಿಂಗಳು ಇನ್ನೂ ಎಚ್ಚರ ಬೇಕು. ಬಿಸಿಲಿನ ಝಳಕ್ಕೆ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ಕೂಲಿಯವರೂ ಬಿಸಿಲೇರುವ ಮೊದಲೇ ಹೊರಡುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ, ಅದೂ ಸೂರ್ಯ ಕಣ್ಣಿಗೆ ನೇರ ಇರುವಾಗ ರಸ್ತೆಗೆ ಬರುತ್ತಾರೆ.

ಟಂಟಂ, ಆಟೋದವರ ಜೊತೆ ಹೇಗೆ ಹೋಗಬೇಕು?

ಅವರ ಕಣ್ಣು ರಸ್ತೆ ಬದಿಯ ಪ್ರಯಾಣಿಕರ ಮೇಲೆ ಇರುತ್ತದೆ. ಯಾರೋ ಕೈ ಎತ್ತಿದರೆ ಅಲ್ಲೇ ನಿಲ್ಲುತ್ತಾರೆ. ಹಿಂದೆ ಅಂಟಿಕೊಂಡು ಹೋಗಬೇಡಿ. ಆಟೋದಣ್ಣಂದಿರಿಗೆ ಒಂದು ಮಾತು: ನಿಲ್ಲಿಸುವ ಮುಂಚೆ ಕೈ ಹೊರಗೆ ಹಾಕಿ ತೋರಿಸುವ ರೂಢಿ ಮೊದಲು ಇತ್ತು. ಅದನ್ನು ಮತ್ತೆ ಶುರು ಮಾಡಿ. ಕಾರಿನವರು ಬಾಗಿಲನ್ನು ಎಡಗೈಯಿಂದ ತೆಗೆಯಿರಿ. ಚಾಲಕ ಎಡಗೈ ಚಾಚಿದರೆ ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬರುವ ಸೈಕಲ್ ಕಾಣುತ್ತದೆ. ಬ್ರಿಟನ್ನಿನ ಸಂಚಾರ ಕೈಪಿಡಿ 2022ರಲ್ಲಿ ಇಂಥದ್ದೇ ರೂಢಿಯನ್ನು ಸೇರಿಸಿಕೊಂಡಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಅದು ಹಳೆಯ ಅಭ್ಯಾಸ.

ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆಯಲ್ಲಿ ಏನು ನೋಡಿಕೊಳ್ಳಬೇಕು?

ಎರಡು ಸಂಗತಿ. ಮೊದಲನೆಯದು ರಸ್ತೆ ಮೇಲಿನ ರಾಶಿ. ತೊಗರಿ ಕಟ್ಟಿಗೆ, ಜೋಳದ ತೆನೆ ಡಾಂಬರಿನ ಮೇಲೆ ಹರವಿದರೆ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಬಿಡುತ್ತದೆ. ರೈತನ ಕಷ್ಟ ನನಗೆ ಅರ್ಥವಾಗುತ್ತದೆ, ಕಣ ಮಾಡಲು ಎಲ್ಲರ ಹತ್ತಿರ ಜಾಗ ಇಲ್ಲ, ಆಳೂ ಸಿಗುವುದಿಲ್ಲ. ಆದರೆ ಸೈಕಲ್‌ಗೆ ಅದು ಮರಳಿಗಿಂತ ಕಷ್ಟ. ಗಾಲಿ ಹೂತು ಜಾರುತ್ತದೆ, ಕಟ್ಟಿಗೆ ಕಡ್ಡಿಗಳಿಗೆ ಸಿಕ್ಕು ಚೈನು ಬೀಳುತ್ತದೆ. ಸವಾರ ತಪ್ಪಿಸಲು ಬಲಕ್ಕೆ ಬರುತ್ತಾನೆ, ಕಾರಿನವನೂ ಅದೇ ಉಳಿದ ಪಟ್ಟಿಗೆ ಬರುತ್ತಾನೆ. ರಾಶಿ ಕಂಡ ಕೂಡಲೇ ಸೈಕಲ್ ಇಳಿಯಿರಿ, ಗಾಡಿಯವರು ಇಳಿದವನಿಗೆ ದಾರಿ ಕೊಡಿ.

ಎರಡನೆಯದು ಕಬ್ಬಿನ ಟ್ರ್ಯಾಕ್ಟರ್. ಅಫಜಲಪುರ, ಆಳಂದ, ಜೇವರ್ಗಿ ಕಡೆ ರಾತ್ರಿಯೆಲ್ಲ ಓಡುತ್ತವೆ. ಹಿಂದೆ ಎರಡು ಟ್ರಾಲಿ, ಎರಡೂ ಕಡೆ ಕಬ್ಬು ಹೊರಗೆ ಚಾಚಿರುತ್ತದೆ, ಹಿಂದಿನ ದೀಪ ಇರುವುದು ಅಪರೂಪ. ಟ್ರ್ಯಾಕ್ಟರ್ ದಾಟಿತು ಅಂತ ಒಳಗೆ ಬರಬೇಡಿ, ಎರಡನೇ ಟ್ರಾಲಿ ಬಾಲದ ಹಾಗೆ ಆಡುತ್ತ ಬರುತ್ತಿರುತ್ತದೆ. ಅದು ಬರುವುದು ಕಂಡರೆ ನಾನು ರಸ್ತೆ ಬಿಟ್ಟು ಇಳಿದು ನಿಲ್ಲುತ್ತೇನೆ.

ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯವೇ?

ಇಲ್ಲ. ಹಾಕಿಕೊಂಡರೆ ಒಳ್ಳೆಯದು, ನಾನು ಹಾಕುತ್ತೇನೆ. ಆದರೆ ಹೆಲ್ಮೆಟ್ ಇಲ್ಲದ್ದಕ್ಕೇ ಸವಾರನದು ತಪ್ಪು ಎನ್ನುವ ಮಾತು ಒಪ್ಪುವುದಿಲ್ಲ.

ರಸ್ತೆಯಲ್ಲಿ ಬಾಯಿಗೆ ಬಾಯಿ ಹತ್ತಿದರೆ?

ಒಮ್ಮೆ ಒಂದು ಕಾರು ನನ್ನ ಹ್ಯಾಂಡಲ್‌ಗೆ ಒಂದು ಗೇಣು ದೂರದಲ್ಲಿ ದಾಟಿತು. ಸಿಟ್ಟಿಗೆ ಅದರ ಹಿಂಬದಿಗೆ ಕೈಯಿಂದ ಬಡಿದೆ. ಚಾಲಕ ಇಳಿದ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ. ನನ್ನ ಕಾಲು ನಡುಗುತ್ತಿದ್ದವು. ಬೈಯಲು ಬಾಯಿ ತೆರೆದವನು ಅದನ್ನು ನೋಡಿ ನಿಂತ. "ಹೆದರಿದ್ರೇನ್ರಿ ಕಾಕಾ?" ಅಂದ. ಹೌದಪ್ಪ, ಹೆದರಿದೆ ಅಂದೆ. "ನಾ ಸೈಡ್ ಬಿಟ್ಟೀನಿ ಅಂತ ತಿಳ್ಕೊಂಡಿದ್ದೆ" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಸ್ಟೇರಿಂಗ್ ಹಿಂದೆ ಕೂತಾಗ ಎಡಗಡೆಯ ಒಂದು ಗೇಣು ಎರಡು ಮೊಳದ ಹಾಗೆ ಕಾಣುತ್ತದೆ.

ಅಂದಿನಿಂದ ನಾನು ಬೈಯುವುದಿಲ್ಲ. ಸಿಗ್ನಲ್‌ನಲ್ಲಿ ಸಿಕ್ಕರೆ "ಅಣ್ಣಾ, ಭಾಳ ಹತ್ರ ಬಂದ್ರಿ, ಬೀಳ್ತಿದ್ದೆ" ಅಂತ ಅಷ್ಟೇ ಹೇಳುತ್ತೇನೆ. ಹೆಚ್ಚಿನವರು ಕೇಳಿಸಿಕೊಳ್ಳುತ್ತಾರೆ. ಯಾರಾದರೂ ಬೇಕಂತಲೇ ಒತ್ತರಿಸಿದರೆ, ಬೆನ್ನು ಹತ್ತಿದರೆ ಮಾತಿಗೆ ಇಳಿಯಬೇಡಿ. ನಂಬರ್ ನೆನಪಿಟ್ಟುಕೊಂಡು, ಜನ ಇರುವ ಅಂಗಡಿ ಮುಂದೆ ನಿಂತು 112ಕ್ಕೆ ಫೋನ್ ಮಾಡಿ.

ಅಪಘಾತ ಆಗಿಯೇ ಹೋದರೆ ಮೊದಲು ಏನು ಮಾಡಬೇಕು?

108ಕ್ಕೆ ಫೋನ್. ತಲೆಗೆ, ಬೆನ್ನಿಗೆ ಪೆಟ್ಟಾದವರನ್ನು ಎಳೆದಾಡಬೇಡಿ. ಗಾಡಿ ನಂಬರ್ ಬರೆದುಕೊಳ್ಳಿ, ಸೈಕಲ್ ತೆಗೆಯುವ ಮೊದಲು ಎರಡು ಫೋಟೋ ಹೊಡೆಯಿರಿ. ಚಾಲಕ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಕಾಯ್ದೆಯ 134ನೇ ಕಲಮು ಹೇಳುವುದು ಇದನ್ನೇ. ಜನ ಹೊಡೆಯುತ್ತಾರೆ ಎಂಬ ಭಯಕ್ಕೆ ಚಾಲಕರು ಓಡುತ್ತಾರೆ. ಸೇರಿದ ಜನ ಕೈ ಎತ್ತದಿದ್ದರೆ ಗಾಯಗೊಂಡವನಿಗೇ ಒಳ್ಳೆಯದು.

ದುಡ್ಡಿನ ಚಿಂತೆಗೆ ಚಿಕಿತ್ಸೆ ತಡ ಮಾಡಬೇಡಿ. 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಯೋಜನೆಯಲ್ಲಿ, ಮೋಟಾರು ವಾಹನದಿಂದ ಗಾಯವಾದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಇದೆ. ಸೈಕಲ್ ಸವಾರರಿಗೂ ಅದು ಸಲ್ಲುತ್ತದೆ. ಆಸ್ಪತ್ರೆಗೆ ಒಯ್ದವರನ್ನು ಪೊಲೀಸರು ಪೀಡಿಸುವಂತಿಲ್ಲ, 134ಎ ಕಲಮು ಅವರನ್ನು ಕಾಯುತ್ತದೆ.

ಸೈಕಲ್‌ಗೆ ಇನ್ಶೂರೆನ್ಸ್ ಇಲ್ಲವಲ್ಲ ಎಂದು ತುಂಬ ಜನ ಸುಮ್ಮನಾಗುತ್ತಾರೆ. ಬೇಕಾಗಿರುವುದು ಗಾಡಿಯ ಇನ್ಶೂರೆನ್ಸ್. ಥರ್ಡ್ ಪಾರ್ಟಿ ವಿಮೆ ಪ್ರತಿ ಮೋಟಾರು ವಾಹನಕ್ಕೂ ಕಡ್ಡಾಯ, ಆ ಥರ್ಡ್ ಪಾರ್ಟಿ ನೀವೇ. ಎಫ್‌ಐಆರ್, ಆಸ್ಪತ್ರೆ ಕಾಗದ, ಕೂಲಿಯ ಲೆಕ್ಕ ಇಟ್ಟುಕೊಂಡು ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಅಲ್ಲಿ ನ್ಯಾಯ ಸಿಗದಿದ್ದರೆ ಮೇಲ್ಮನವಿಗೆ ಬೆಂಗಳೂರಿಗೆ ಹೋಗಬೇಕಿಲ್ಲ, ಹೈಕೋರ್ಟ್ ಪೀಠ ನಮ್ಮೂರಲ್ಲೇ ಇದೆ. ಗುದ್ದಿದ ಗಾಡಿ ಯಾವುದೆಂದು ಗೊತ್ತೇ ಆಗದಿದ್ದರೂ ಪರಿಹಾರ ಉಂಟು. ಸಾವಾದರೆ 2 ಲಕ್ಷ, ದೊಡ್ಡ ಗಾಯವಾದರೆ 50,000 ರೂಪಾಯಿ.

ಮಕ್ಕಳನ್ನು ಸೈಕಲ್ ಮೇಲೆ ಶಾಲೆಗೆ ಕಳಿಸಬಹುದಾ?

ಕಳಿಸಿ, ಆದರೆ ಮೊದಲ ವಾರ ಜೊತೆಗೆ ಹೋಗಿ. ದೊಡ್ಡ ರಸ್ತೆಯ ಹತ್ತಿರದ ದಾರಿಗಿಂತ ಓಣಿಗಳ ಸುತ್ತು ದಾರಿ ಆರಿಸಿ. ರಿಂಗ್ ರೋಡ್ ದಾಟುವ ಕಡೆ ಇಳಿದು ನೂಕಿಕೊಂಡೇ ದಾಟಲಿ. ಮೂವರು ಅಕ್ಕಪಕ್ಕದಲ್ಲಿ ಮಾತಾಡುತ್ತ ಹೋಗುವುದು, ಕಿವಿಯಲ್ಲಿ ಇಯರ್‌ಫೋನ್, ಇವೆರಡು ಬೇಡ. ತಗ್ಗು ಕಂಡಾಗ ಸರಕ್ಕನೆ ತಪ್ಪಿಸದೆ ನಿಧಾನ ಮಾಡಿ ಅದರೊಳಗೇ ಇಳಿದು ಹತ್ತುವುದನ್ನು ಕಲಿಸಿ. ಸೀಟಿನ ಎತ್ತರ ನೋಡಿ, ಕೂತಾಗ ಎರಡೂ ಪಾದದ ತುದಿ ನೆಲಕ್ಕೆ ತಾಗಬೇಕು. ಬ್ರೇಕಿನ ರಬ್ಬರ್ ಸವೆದಿದ್ದರೆ ಇಂದೇ ಹಾಕಿಸಿ.

ಬೇರೆ ಸೈಕಲ್ ದಾರಿ ಮಾಡಿಬಿಟ್ಟರೆ ಜಗಳವೇ ಇರಲ್ಲ ಅಲ್ವಾ?

ಅಗಲ ಇರುವ ರಿಂಗ್ ರೋಡಿನಂಥ ಕಡೆ ಖಂಡಿತ ಬೇಕು. ಆದರೆ ಬಣ್ಣ ಬಳಿದು ಬಿಟ್ಟರೆ ಮಾರನೇ ದಿನ ಅಲ್ಲಿ ಕಾರು ನಿಲ್ಲುತ್ತದೆ. ನಡುವೆ ಗಟ್ಟಿ ಕಟ್ಟೆ ಇರಬೇಕು. ಸೂಪರ್ ಮಾರ್ಕೆಟ್, ದರ್ಗಾ ಸುತ್ತಿನ ಹಳೆಯ ಇಕ್ಕಟ್ಟು ರಸ್ತೆಗಳಲ್ಲಿ ಬೇರೆ ದಾರಿಗೆ ಜಾಗವೇ ಇಲ್ಲ. ಅಲ್ಲಿ ಎಲ್ಲರೂ ಸೈಕಲ್ ವೇಗಕ್ಕೆ ಇಳಿಯಬೇಕು.

ಅಲ್ಲಿಯವರೆಗೆ ನಾವೇ ಮಾಡಬಹುದಾದದ್ದು ಏನಾದರೂ ಇದೆಯಾ?

ನಿಮ್ಮ ದಾರಿಯ ಒಂದು ಜಾಗ ಹಿಡಿದು ಅರ್ಜಿ ಕೊಡಿ. "ರಸ್ತೆ ಸರಿ ಮಾಡಿ" ಎಂದು ಬರೆದರೆ ಕಾಗದ ಕಡತಕ್ಕೆ ಹೋಗುತ್ತದೆ. ಇಂಥ ಅಂಗಡಿ ಎದುರು, ಇಂಥ ಕಂಬದ ಹತ್ತಿರ, ಇಷ್ಟು ಬೆರಳು ಎತ್ತರದ ಅಂಚು ಎಂದು ಬರೆದು ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ ಹಚ್ಚಿ. ರಸ್ತೆ ಯಾರದು ಎಂದು ಮೊದಲು ತಿಳಿದುಕೊಳ್ಳಿ: ಮಹಾನಗರ ಪಾಲಿಕೆಯದೋ, ಲೋಕೋಪಯೋಗಿ ಇಲಾಖೆಯದೋ, ರಾಷ್ಟ್ರೀಯ ಹೆದ್ದಾರಿಯದೋ.

ನಾನು ಹಾಗೆ ಕೊಟ್ಟ ಮೊದಲ ಅರ್ಜಿ ಒಂದು ಚರಂಡಿ ಜಾಳಿಯ ಬಗ್ಗೆ. ಅದರ ಕಬ್ಬಿಣದ ಸರಳುಗಳು ರಸ್ತೆಯ ಉದ್ದಕ್ಕೇ ಇದ್ದವು, ನಡುವಿನ ಸಂದಿ ಸರಿಯಾಗಿ ಸೈಕಲ್ ಗಾಲಿಯಷ್ಟು. ನನ್ನ ಮುಂದಿನ ಗಾಲಿ ಅಲ್ಲಿ ಸಿಕ್ಕು ಎರಡು ಹಲ್ಲು ಹೋಗಿದ್ದವು. ಹೊಸ ಜಾಳಿ ಕೇಳಲಿಲ್ಲ, ಅದನ್ನೇ ಎತ್ತಿ ಅಡ್ಡಕ್ಕೆ ತಿರುಗಿಸಿ ಹಾಕಿ ಎಂದು ಕೇಳಿದೆ. ನಾಲ್ಕನೇ ಸಲ ಹೋದಾಗ ಇಬ್ಬರು ಕೆಲಸದವರು ಹಾರೆ ತಂದು, ಹತ್ತು ನಿಮಿಷದಲ್ಲಿ ತಿರುಗಿಸಿ ಹೋದರು.